ಅರಮನೆಯಿಂದ ಅಡಿಗೆಮನೆಗೆ: ಹ್ವೇ ನಗರದ ಪರಿಚಯ

ಉತ್ತರಕ್ಕೆ ಹಾನೊಯ್, ದಕ್ಷಿಣಕ್ಕೆ ಹಿಂದೆ ಸೈಗಾನ್ ಎನಿಸಿಕೊಂಡಿದ್ದ ಹೋ ಚಿ ಮಿನ್ ನಗರ. ಇವೆರಡರ ನಡುವೆ, ಪಡುವಣ ಬೆಟ್ಟಗಳು ಕಡಲಿನತ್ತ ಒತ್ತರಿಸಿಕೊಂಡು ಬಂದು ವಿಯೆಟ್ನಾಮ್ ದೇಶವು ಕೃಶವಾಗಿರುವ ಭಾಗದಲ್ಲಿ, ಸುಗಂಧನದಿಯೆಂಬ ಹೊಳೆಯ ಎರಡು ದಡಗಳಲ್ಲಿಯೂ ಹ್ವೇ ಪಟ್ಟಣವು ಹರಡಿಕೊಂಡಿದೆ. 1802ರಿಂದ 1945ರವರೆಗೆ ನುಯೆನ್ ವಂಶದ ಹದಿಮೂರು ಮಂದಿ ಚಕ್ರವರ್ತಿಗಳಿಗೆ ರಾಜಧಾನಿಯಾಗಿದ್ದ ಈ ಊರಿನ ಸ್ಮಾರಕಸಮುಚ್ಚಯವು 1993ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ವಿಯೆಟ್ನಾಮಿನಲ್ಲಿ ಆ ಗೌರವವು ಮೊದಲು ಸಂದದ್ದು ಇದಕ್ಕೆ. ಅಂದಿನಿಂದ ಪ್ರವಾಸಿಗರ ಬರವು ಹೆಚ್ಚಿದೆಯಾದರೂ ಅವರಲ್ಲಿ ಬಹುಮಂದಿ ಬೆಳಗ್ಗೆ ಬಂದಿಳಿದು, ಕೋಟೆಯನ್ನೊಂದು ಸುತ್ತು ಹಾಕಿ, ಎರಡು ಸಮಾಧಿಗಳನ್ನೂ ಒಂದು ಪಗೋಡವನ್ನೂ ನೋಡಿ, ಸಂಜೆಯ ಹೊತ್ತಿಗೆ ಹೊಯಿ ಆನಿನ ದೀಪಗಳನ್ನು ಕಾಣಲು ಹೊರಟುಬಿಡುವರು. ಅವರು ಕಂಡದ್ದು ಸುಳ್ಳಲ್ಲ, ಅರ್ಧ ಮಾತ್ರ. ಅರಸರು ಹೋದ ಬಳಿಕ ಅರಸೊತ್ತಿಗೆಯ ನಯ, ನಿಯಮ, ರುಚಿಗಳೆಲ್ಲ ಎಲ್ಲಿಗೆ ಹೋದುವು ಎಂಬ ಪ್ರಶ್ನೆಗೆ ಉತ್ತರವು ಅರಮನೆಯಲ್ಲಿ ಸಿಕ್ಕದು. ಅದು ಪೇಟೆಯ ಹಿಂದಣ ಓಣಿಗಳಲ್ಲಿ, ಗೃಹಸ್ಥರ ಹಿತ್ತಿಲುಗಳಲ್ಲಿ, ಅಡಿಗೆಮನೆಗಳಲ್ಲಿ ಸಿಕ್ಕುವುದು.

ಆದರೂ ಕೋಟೆಯಿಂದಲೇ ತೊಡಗುವುದು ಕ್ರಮ. ವಂಶದ ಮೂಲಪುರುಷನಾದ ಜಿಯಾ ಲಾಂಗ್ ಚಕ್ರವರ್ತಿಯು 1805ರಲ್ಲಿ ಕಟ್ಟಿಸತೊಡಗಿ, ಮಗನಾದ ಮಿನ್ ಮಾಂಗನ ಕಾಲದಲ್ಲಿ, 1832ರಲ್ಲಿ, ಮುಗಿದ ಈ ಕೋಟೆಯ ಸುತ್ತಳತೆ ಸುಮಾರು ಹತ್ತು ಕಿಲೋಮೀಟರು; ಅದರ ಮೂಲೆ ಕೊತ್ತಲಗಳು ಫ್ರೆಂಚ್ ದುರ್ಗಶಾಸ್ತ್ರವನ್ನು ಅನುಸರಿಸಿದರೆ, ಒಳಗಣ ವಿನ್ಯಾಸವು ಚೀನೀ ಸಂಪ್ರದಾಯವನ್ನು ಅನುಸರಿಸಿದೆ. ದಕ್ಷಿಣಾಭಿಮುಖವಾದ ಮಧ್ಯಾಹ್ನದ್ವಾರಕ್ಕೆ ಐದು ಹಾದಿಗಳು. ನಡುವಿನದು ಚಕ್ರವರ್ತಿಗೆ, ಅದರ ಮಗ್ಗುಲಿನವು ಅಧಿಕಾರಿವರ್ಗಕ್ಕೆ, ಅಂಚಿನವು ಸೈನಿಕರಿಗೂ ಆನೆ ಕುದುರೆಗಳಿಗೂ. ಮೇಲಣ ಮಂಟಪದ ಹೆಂಚುಗಳಲ್ಲಿಯೂ ಇದೇ ತಾರತಮ್ಯ: ನಡುವೆ ಹಳದಿ, ಇಕ್ಕೆಲದಲ್ಲಿ ಹಸಿರು. ಆ ಮಂಟಪದಲ್ಲಿಯೇ 1945ರ ಆಗಸ್ಟ್ 30ರಂದು ಕೊನೆಯ ಚಕ್ರವರ್ತಿಯಾದ ಬಾವೊ ದಾಯ್ ಪಟ್ಟವನ್ನು ತ್ಯಜಿಸಿ, ರಾಜಮುದ್ರೆಯನ್ನೂ ಖಡ್ಗವನ್ನೂ ಹೊಸ ಸರ್ಕಾರದ ಪ್ರತಿನಿಧಿಗಳ ಕೈಗೆ ಒಪ್ಪಿಸಿದನು.

ಕೋಟೆಯೊಳಗೆ ನೋಡತಕ್ಕ ವಸ್ತು ಒಂದೇ ಎಂದು ಯಾರಾದರೂ ಹಟ ಹಿಡಿದರೆ, ನಾನು ಸಿಂಹಾಸನದ ಚಾವಡಿಯನ್ನು ಬಿಟ್ಟು, ಪೂರ್ವಜರ ದೇಗುಲದ ಮುಂದೆ ಸಾಲಾಗಿ ನಿಂತಿರುವ ಒಂಬತ್ತು ಕಂಚಿನ ಕುಂಭಗಳನ್ನು ತೋರಿಸಿಯೇನು. ಮಿನ್ ಮಾಂಗನ ಅಪ್ಪಣೆಯಂತೆ 1835ರಲ್ಲಿ ಎರಕಕ್ಕೆ ಮೊದಲಾಗಿ 1837ರಲ್ಲಿ ಪೂರೈಸಿದ ಇವುಗಳ ತೂಕ ಒಂದೊಂದೂ ಸುಮಾರು ಎರಡರಿಂದ ಎರಡೂವರೆ ಟನ್ನು. ಜಿಯಾ ಲಾಂಗನ ಹೆಸರಿಗೆ ಸಂದ ಕುಂಭವು ನಡುವೆ ಮಾತ್ರವಲ್ಲ, ಸಾಲಿನಿಂದ ಒಂದು ಹೆಜ್ಜೆ ಮುಂದಕ್ಕೆ ನಿಂತಿದೆ. ಸಮೀಪಕ್ಕೆ ಹೋಗಿ ಅದರ ಹೊಟ್ಟೆಯ ಮೇಲಣ ಉಬ್ಬುಚಿತ್ರಗಳನ್ನು ಒಂದೊಂದಾಗಿ ನೋಡಬೇಕು: ಸೂರ್ಯಬಿಂಬ, ಮೂಡಣ ಸಮುದ್ರ, ಬೆಟ್ಟ, ಕಾಲುವೆ, ಡ್ರ್ಯಾಗನ್, ಹುಲಿ, ಆಮೆ, ಅವುಗಳ ನಡುವೆಯೇ, ಅಷ್ಟೇ ಮರ್ಯಾದೆಯಿಂದ, ಒಂದು ಹಲಸಿನ ಮರ, ಭತ್ತದ ತೆನೆ, ಒಂದು ಈರುಳ್ಳಿಯ ಗಿಡ, ಹಡಗು, ಫಿರಂಗಿ. ಸಾಮ್ರಾಜ್ಯದ ಮಹಿಮೆಯನ್ನು ಶಾಶ್ವತಗೊಳಿಸಲು ಹೊರಟ ಚಕ್ರವರ್ತಿಯು ಈರುಳ್ಳಿಗೂ ಫಿರಂಗಿಗೂ ಒಂದೇ ಕಂಚಿನಲ್ಲಿ ಎಡೆಗೊಟ್ಟನೆಂಬುದು ನನಗೆ ಪರಮ ಸಂತೋಷವನ್ನುಂಟುಮಾಡುವ ಸಂಗತಿ. ಈ ಚಿತ್ರಗಳನ್ನು ಯುನೆಸ್ಕೋ 2024ರಲ್ಲಿ ಏಷ್ಯಾ–ಪೆಸಿಫಿಕ್ ವಲಯದ ಸ್ಮೃತಿಪಟ್ಟಿಗೆ ಸೇರಿಸಿಕೊಂಡಿತು.

ಕುಂಭಗಳು ಉಳಿದುವು, ಅರಮನೆಯ ಬಹುಭಾಗ ಉಳಿಯಲಿಲ್ಲ. 1947ರ ಯುದ್ಧದಲ್ಲಿ ಒಳಾಂಗಣದ ಮುಖ್ಯ ಮಂದಿರಗಳು ಬೆಂಕಿಗೆ ಆಹುತಿಯಾದುವು. 1968ರ ಹೊಸವರ್ಷದ ಹಬ್ಬದಂದು ಮೊದಲಾಗಿ ಸುಮಾರು ನಾಲ್ಕು ವಾರ ನಡೆದ ಭೀಕರ ಕದನದಲ್ಲಿ, ಗಲ್ಲಿ ಗಲ್ಲಿಗಳಲ್ಲಿ ಸಹಸ್ರಾರು ಜನ ಮಡಿದು, ಉಳಿದಿದ್ದುದೂ ನುಚ್ಚುನೂರಾಯಿತು. ಈಗ ಒಂದೊಂದಾಗಿ ಮರುನಿರ್ಮಾಣ ನಡೆದಿದೆ. 2024ರಲ್ಲಿ ತೆರೆದ ಕಿಯೆನ್ ಚುಂಗ್ ಮಂದಿರವು ಥಳಥಳಿಸುತ್ತಿದೆ. ನನ್ನ ಕಣ್ಣಿಗೆ ಅದರ ಹೊಳಪು ಕೊಂಚ ಅತಿಯಾಯಿತು. ಕೋಟೆಗೋಡೆಯ ಮೇಲೆಯೇ ಗುಡಿಸಲು ಕಟ್ಟಿಕೊಂಡು ತಲೆಮಾರುಗಳಿಂದ ಬಾಳಿದ್ದ ಸಹಸ್ರಾರು ಬಡಕುಟುಂಬಗಳನ್ನು 2019ರಿಂದೀಚೆಗೆ ಹೊಸ ಬಡಾವಣೆಗಳಿಗೆ ಸಾಗಿಸಿದ್ದಾರೆ. ಗೋಡೆಗೆ ಅದು ಶ್ರೇಯಸ್ಕರವಾಯಿತೆಂಬುದರಲ್ಲಿ ಸಂಶಯವಿಲ್ಲ.

ಇನ್ನು ಅಡಿಗೆಮನೆ. ಕವಿಯೂ ರೋಗಿಷ್ಠನೂ ಆಗಿದ್ದ ತು ದೂಕ್ ಚಕ್ರವರ್ತಿಯ ಊಟಕ್ಕೆ ಐವತ್ತು ಬಗೆಯ ಭಕ್ಷ್ಯಗಳನ್ನು ಐವತ್ತು ಮಂದಿ ಬಾಣಸಿಗರು ಮಾಡುತ್ತಿದ್ದರೆಂದೂ, ಅವನ ಚಹಾಕ್ಕೆ ತಾವರೆ ಎಲೆಯ ಮೇಲಣ ಇಬ್ಬನಿಯನ್ನೇ ಸಂಗ್ರಹಿಸುತ್ತಿದ್ದರೆಂದೂ ಪ್ರತೀತಿಯುಂಟು. ಇತ್ತ, ಅವನು ಜೀವಿಸಿರುವಾಗಲೇ ಕಟ್ಟಿಸಿಕೊಳ್ಳುತ್ತಿದ್ದ ಸಮಾಧಿಯುದ್ಯಾನದ ಕೂಲಿಗಳು 1866ರಲ್ಲಿ ಗಾರೆ ಕುಟ್ಟುವ ಒನಕೆಗಳನ್ನೇ ಆಯುಧವಾಗಿ ಹಿಡಿದು ದಂಗೆಯೆದ್ದರೆಂಬುದು ಪ್ರತೀತಿಯಲ್ಲ, ಇತಿಹಾಸ. ಐವತ್ತು ಭಕ್ಷ್ಯಗಳ ಕಥೆ ಹೇಗೇ ಇರಲಿ, ಸ್ವಲ್ಪ ಸ್ವಲ್ಪವಾಗಿ, ಬಗೆಬಗೆಯಾಗಿ, ಕಣ್ಣಿಗೆ ಒಪ್ಪುವಂತೆ ಬಡಿಸುವ ಪದ್ಧತಿಯನ್ನು ಹ್ವೇಯ ಜನ ಅರಮನೆಯಿಂದ ಕಲಿತು ಬಡತನಕ್ಕೂ ಒಗ್ಗಿಸಿಕೊಂಡರು. ‘ಬಾನ್ ಬಿಯೊ’ ಎಂಬ ತಿಂಡಿಯನ್ನು ತರಿಸಿದರೆ ಒಂದು ತಟ್ಟೆ ಬರುವುದಿಲ್ಲ. ಅಂಗೈಗಿಂತ ಚಿಕ್ಕದಾದ ಹತ್ತಾರು ಪಿಂಗಾಣಿ ಬಟ್ಟಲುಗಳು ಬರುವುವು. ಒಂದೊಂದರಲ್ಲಿಯೂ ಹಬೆಯಲ್ಲಿ ಬೆಂದ ತೆಳ್ಳನೆಯ ಅಕ್ಕಿಹಿಟ್ಟಿನ ಬಿಲ್ಲೆ, ಮೇಲೆ ಒಣಸಿಗಡಿಯ ಪುಡಿ, ಕರಿದ ಹಂದಿಕೊಬ್ಬಿನ ಒಂದು ಚೂರು. ಮೀನಿನ ರಸವನ್ನು ಹನಿಸಿಕೊಂಡು ಬಟ್ಟಲಿನಿಂದಲೇ ಎಬ್ಬಿಸಿ ತಿನ್ನಬೇಕು.

ಆದರೆ ಈ ಊರಿನ ಸ್ವಭಾವವನ್ನು ಸಂಪೂರ್ಣವಾಗಿ ಹೇಳುವುದು ‘ಕೋಮ್ ಹೆನ್’, ಅಂದರೆ ಚಿಪ್ಪಿನನ್ನ. ಸುಗಂಧನದಿಯ ನಡುಗಡ್ಡೆಯೊಂದರ ಸುತ್ತ ಮರಳಿನಲ್ಲಿ ಸಿಗುವ, ಕಿರುಬೆರಳ ಉಗುರಿನಷ್ಟೇ ಮಾಂಸವಿರುವ, ಮರುವಾಯಿಯ ಜಾತಿಯ ಪುಟ್ಟ ಚಿಪ್ಪುಗಳನ್ನು ದೊಡ್ಡ ಹಂಡೆಗಳಲ್ಲಿ ಕುದಿಸಿ, ಬುಟ್ಟಿಗಳಲ್ಲಿ ಜಾಲಿಸಿ ಮಾಂಸವನ್ನು ಬೇರ್ಪಡಿಸುವರು. ಬಟ್ಟಲಿನ ತಳಕ್ಕೆ ಅನ್ನ. ಅದು ಬಿಸಿಯಾಗಿರಕೂಡದು, ತಣ್ಣಗಾದ ಅನ್ನವೇ ಆಗಬೇಕು. ಅದರ ಮೇಲೆ ಚಿಪ್ಪಿನ ಮಾಂಸ, ನೂಲಿನಂತೆ ಹೆಚ್ಚಿದ ಬಾಳೆಹೂವು, ಕೆಸುವಿನ ದಂಟು, ಧಾರೆಹುಳಿಯ ಸೀಳುಗಳು, ಪರಿಮಳದ ಸೊಪ್ಪುಗಳು, ಹುರಿದ ಕಡಲೆಕಾಯಿ ಬೀಜ, ಎಳ್ಳು, ಕರಿದು ಉಬ್ಬಿಸಿದ ಹಂದಿಯ ಚರ್ಮ, ಉಪ್ಪಿನಲ್ಲಿ ಕಳಿತ ಸಿಗಡಿಯ ಘಾಟಿನ ಗೊಜ್ಜು. ಇವೆಲ್ಲಕ್ಕೂ ಮೇಲೆ, ಕಣ್ಣಲ್ಲಿ ನೀರು ಬರಿಸುವಷ್ಟು ಮೆಣಸಿನಕಾಯಿ. ಚಿಪ್ಪು ಬೆಂದ ನೀರೇ ಸಾರಾಗಿ ಪಕ್ಕದ ಬಟ್ಟಲಿನಲ್ಲಿ ಹೊಗೆಯಾಡುತ್ತಿರುವುದು. ಬಡವರು ನಿನ್ನೆಯ ಅನ್ನಕ್ಕೆ ಹೊಳೆಯು ಪುಕ್ಕಟೆಯಾಗಿ ಕೊಟ್ಟುದನ್ನು ಬೆರಸಿ ಮಾಡಿಕೊಂಡ ಊಟವಿದು. ಆದರೂ ಒಂದೊಂದು ಪದಾರ್ಥವನ್ನೂ ಬೇರೆ ಬೇರೆ ಹೆಚ್ಚಿ, ಬೇರೆ ಬೇರೆ ಬಟ್ಟಲುಗಳಲ್ಲಿ ಓರಣವಾಗಿಟ್ಟು, ಕೇಳಿದಾಗ ಮಾತ್ರ ಒಂದೊಂದು ಚಿಟಿಕೆಯಂತೆ ಜೋಡಿಸಿಕೊಡುವ ಮಾರುವಾಕೆಯ ಕೈಚಳಕವನ್ನು ನೋಡಿದರೆ ಅರಮನೆಯ ಪಾಕಶಾಲೆಯು ಎಲ್ಲಿಯೂ ಹೋಗಿಲ್ಲವೆಂಬುದು ಮನವರಿಕೆಯಾಗುವುದು. ಬೆಳಗ್ಗೆ ಬೇಗನೆ ಹೋಗಬೇಕು.

ನಮ್ಮ ಸಸ್ಯಾಹಾರಿಗಳು ಹೆದರಬೇಕಾದುದಿಲ್ಲ. ಹ್ವೇ ಬೌದ್ಧರ ನಗರ. ಚಾಂದ್ರಮಾಸದ ಪಾಡ್ಯ ಮತ್ತು ಹುಣ್ಣಿಮೆಯ ದಿನಗಳಲ್ಲಿ ಅನೇಕ ಮನೆಗಳಲ್ಲಿ ಮಾಂಸವರ್ಜನೆಯ ನಿಯಮವಿದ್ದು, ಅಣಬೆ, ಹಲಸಿನಕಾಯಿ, ಸೋಯಾ ಗಿಣ್ಣುಗಳ ಅಡಿಗೆಯು ಇಲ್ಲಿ ಒಂದು ಪ್ರತ್ಯೇಕ ಕಲೆಯಾಗಿ ಬೆಳೆದಿದೆ. 1601ರಲ್ಲಿ ಸ್ಥಾಪಿತವಾದ ತಿಯೆನ್ ಮು ಪಗೋಡ, 1844ರ ಅದರ ಏಳಂತಸ್ತಿನ ಗೋಪುರ ಇವು ಚಿತ್ರಪಟಗಳಿಂದ ಎಲ್ಲರಿಗೂ ಪರಿಚಿತವೇ. ಜಗತ್ತಿನಾದ್ಯಂತ ಓದುಗರುಳ್ಳ ಥಿಚ್ ನ್ಯಾಟ್ ಹಾನ್ ಅವರು ಎಳೆಯ ವಯಸ್ಸಿನಲ್ಲಿ ದೀಕ್ಷೆ ಪಡೆದುದೂ, ದೀರ್ಘಕಾಲದ ಪರದೇಶವಾಸದ ಅನಂತರ 2018ರಲ್ಲಿ ಹಿಂದಿರುಗಿ 2022ರಲ್ಲಿ ದೇಹವಿಟ್ಟುದೂ ಇಲ್ಲಿಯ ತು ಹಿಯೂ ವಿಹಾರದಲ್ಲಿಯೇ.

ಬೌದ್ಧಧರ್ಮಕ್ಕಿಂತ ವಿಚಿತ್ರವಾದೊಂದು ಎಳೆಯು ಭಾರತೀಯರಾದ ನಮ್ಮನ್ನು ಇಲ್ಲಿಗೆ ಬಿಗಿದಿದೆ. ಈ ಪ್ರಾಂತವು ಮೊದಲು ಸಂಸ್ಕೃತ ಶಾಸನಗಳ ನಾಡಾದ ಚಂಪಾರಾಜ್ಯಕ್ಕೆ ಸೇರಿದ್ದಿತು. 1306ರಲ್ಲಿ ಚಂಪಾಧಿಪತಿಯಾದ ಜಯಸಿಂಹವರ್ಮನು ವಿಯೆಟ್ನಾಮಿನ ರಾಜಕುಮಾರಿಯನ್ನು ವರಿಸುವಾಗ ಇಲ್ಲಿಯ ಎರಡು ಸೀಮೆಗಳನ್ನು ಕನ್ಯಾಶುಲ್ಕವಾಗಿ ಬಿಟ್ಟುಕೊಟ್ಟನು. ನೆಲ ಕೈಬದಲಾಯಿತು, ದೇವಿ ಬದಲಾಗಲಿಲ್ಲ. ಚಂಪಾದ ಶಾಸನಗಳು ಭಗವತಿಯೆಂದು ಕರೆಯುವ ಪೋ ನಗರ್ ಎಂಬ ಮಾತೃದೇವತೆಯು ಹೆಸರು ಮಾರ್ಪಟ್ಟು, ವೇಷ ಮಾರ್ಪಟ್ಟು, ಸುಗಂಧನದಿಯ ದಡದ ಹೋನ್ ಚೆನ್ ದೇಗುಲದಲ್ಲಿ ಇಂದಿಗೂ ಪೂಜೆಗೊಳ್ಳುತ್ತಿದ್ದಾಳೆ. 1886ರಲ್ಲಿ ಡೋಂಗ್ ಖಾನ್ ಚಕ್ರವರ್ತಿಯು ತಾನೇ ಆಕೆಯ ಶಿಷ್ಯನೆನಿಸಿಕೊಂಡು ಗುಡಿಗೆ ಹೊಸ ಹೆಸರಿಟ್ಟನು. ಚಾಂದ್ರಮಾನದ ಮೂರನೆಯ ಮತ್ತು ಏಳನೆಯ ತಿಂಗಳುಗಳಲ್ಲಿ ಜೋಡಿ ದೋಣಿಗಳ ಮೇಲೆ ಅವಳ ಮೆರವಣಿಗೆ ಹೊರಡುವುದು. ದೋಣಿಯಲ್ಲಿಯೇ ಭಕ್ತರ ಮೈಮೇಲೆ ದೇವರು ಬರುವುದು.

ಸುಗಂಧನದಿಯ ಮೇಲೆ ರಾತ್ರಿಹೊತ್ತು ತೇಲುವ ಡ್ರ್ಯಾಗನ್ ಮುಖದ ದೋಣಿಗಳಲ್ಲಿ ಹ್ವೇ ಗಾಯನವನ್ನು ಕೇಳಿಸುವುದುಂಟು. ಶ್ರೀಮಂತರ ಒಳಮನೆಗಳಲ್ಲಿ ಹತ್ತು ಮಂದಿ ರಸಿಕರಿಗಾಗಿ ಹಾಡುತ್ತಿದ್ದುದು ಇದು. ಗಾಯಕಿಯರು ಒಂದೊಂದು ಕೈಯಲ್ಲಿಯೂ ಎರಡೆರಡು ಚಹಾ ಬಟ್ಟಲುಗಳನ್ನು ಬೆರಳುಗಳ ನಡುವೆ ಹಿಡಿದು ತಾಳ ನುಡಿಸುವ ನೈಪುಣ್ಯವನ್ನು ಕಣ್ಣಾರೆ ನೋಡಬೇಕು; ಆದರೆ ದೋಣಿಯ ಇಂಜಿನ್ನಿನ ಗದ್ದಲದಲ್ಲಿ ಅರ್ಧ ಸಂಗೀತ ಹೊಳೆಯ ಪಾಲಾಗುವುದರಿಂದ, ನೆಲದ ಮೇಲೆ, ಹಳೆಯ ಮನೆಯೊಂದರಲ್ಲಿ ಕಚೇರಿ ನಡೆಯುವುದಾದರೆ ಅಲ್ಲಿಗೇ ಹೋಗುವುದು ಲೇಸು. ಅಂಥ ಮನೆಗಳು ಕಿಮ್ ಲಾಂಗ್, ವಿ ಯಾ ಕೇರಿಗಳಲ್ಲಿ ಇನ್ನೂ ಉಳಿದಿವೆ: ಹಲಸಿನ ಮರದ ಕಂಬಗಳು, ತಗ್ಗಿದ ಹೆಂಚಿನ ಸೂರು, ಅಂಗಳದಲ್ಲಿ ದುಷ್ಟದೃಷ್ಟಿಯನ್ನು ತಡೆಯುವ ಗಾರೆಯ ಅಡ್ಡಗೋಡೆ, ಅದರ ಹಿಂದೆ ಕೊಳ, ಸುತ್ತ ಅಡಕೆ ಚಕ್ಕೋತಗಳ ತೋಟ. ಅರಮನೆಯ ನಕ್ಷೆಯನ್ನೇ ಕುಗ್ಗಿಸಿ ಗೃಹಸ್ಥನ ಅಳತೆಗೆ ತಂದಂತಿರುವುದು.

ಕಡೆಯದಾಗಿ, ಪ್ರವಾಸದ ಕೈಪಿಡಿಗಳು ಬಹುಮಟ್ಟಿಗೆ ಮರೆಯುವ ಒಂದು ಆಚರಣೆ. 1885ರ ಜುಲೈ 5ರಂದು, ಹಿಂದಿನ ರಾತ್ರಿ ತಮ್ಮ ಮೇಲೆ ಎರಗಿದ ರಾಜಸೈನ್ಯವನ್ನು ಸೋಲಿಸಿದ ಫ್ರೆಂಚರು ಕೋಟೆಯನ್ನು ಹೊಕ್ಕು ಸುಲಿದರು. ಎಳೆಯ ವಯಸ್ಸಿನ ಚಕ್ರವರ್ತಿ ಹಾಮ್ ನೀ ಪಲಾಯನ ಮಾಡಿದನು. ಕತ್ತಲಲ್ಲಿ ದಿಕ್ಕುಗೆಟ್ಟು ಓಡಿದ ಪ್ರಜೆಗಳು ಗುಂಡಿಗೆ, ಬೆಂಕಿಗೆ, ಕಾಲ್ತುಳಿತಕ್ಕೆ ಸಿಕ್ಕಿ ಅಸಂಖ್ಯರಾಗಿ ಸತ್ತರು. ಚಾಂದ್ರಮಾನದಂತೆ ಅದು ಐದನೆಯ ತಿಂಗಳ ಇಪ್ಪತ್ತಮೂರನೆಯ ದಿನ. ಅಂದಿನಿಂದ ಪ್ರತಿವರ್ಷವೂ ಆ ದಿನದಿಂದ ಮಾಸಾಂತ್ಯದವರೆಗೆ, ಒಂದೊಂದು ಕೇರಿಯವರು ತಮಗೆ ಅನುಕೂಲವಾದ ದಿನವನ್ನು ಗೊತ್ತುಮಾಡಿಕೊಂಡು, ಮನೆಯ ಹೊರಗೆ ಎಡೆಯಿಡುವರು. ಪಿತೃಗಳ ಪೂಜೆ ಒಳಗೆ ನಡೆಯತಕ್ಕದ್ದು. ಇದಾದರೋ ಹೆಸರಿಲ್ಲದ, ಬಂಧುಗಳಿಲ್ಲದ ಸತ್ತವರಿಗೆ. ಗಂಜಿ, ಅರಳು, ಬೇಯಿಸಿದ ಗೆಣಸು, ಉಪ್ಪು, ಅಕ್ಕಿ; ಬಾಯಾರಿದವರಿಗೆಂದು ನೀರಿನ ಪಾತ್ರೆ; ನೀರಿನಲ್ಲಿ ಮುಳುಗಿ ಸತ್ತವರು ಚಳಿ ಕಾಯಿಸಿಕೊಳ್ಳಲೆಂದು, ಆ ಕಡುಬೇಸಗೆಯಲ್ಲಿಯೂ, ಪಕ್ಕದಲ್ಲೊಂದು ಬೆಂಕಿ. ಸರ್ಕಾರದ ಏರ್ಪಾಟಿಲ್ಲ, ಟಿಕೆಟ್ಟಿಲ್ಲ. ಕೇರಿಯವರೇ ಚಂದಾ ಹಾಕಿಕೊಂಡು ನಡೆಸುವರು. ಇಂಗ್ಲಿಷ್ ಪಂಚಾಂಗದಲ್ಲಿ ಇದು ಸಾಮಾನ್ಯವಾಗಿ ಜೂನ್ ಅಥವಾ ಜುಲೈನಲ್ಲಿ ಬರುವುದು. ಆಗ ಬಿಸಿಲು ತೀಕ್ಷ್ಣವೇ ಸರಿ. ಆದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸುರಿಯುವ, 1999ರ ನವೆಂಬರಿನಲ್ಲಿ ಒಂದೇ ದಿನಕ್ಕೆ ಸಾವಿರ ಮಿಲಿಮೀಟರು ಮೀರಿ ಊರನ್ನೇ ಮುಳುಗಿಸಿದ ಇಲ್ಲಿಯ ಮಳೆಗೆ ಹೋಲಿಸಿದರೆ ಬಿಸಿಲೇ ವಾಸಿಯೆಂದು ಹ್ವೇಯವರೂ ಹೇಳಿಯಾರು.