ಎಂಬೆಡೆಡ್ ಬೋರ್ಡಿನ ಅನುಕರಣವೂ ಲಿನಕ್ಸ್ ಡ್ರೈವರಿನ ಪರೀಕ್ಷೆಯೂ

ಕಂಪ್ಯೂಟರಿಗೆ ಸೇರಿದ ಉಪಕರಣವೊಂದನ್ನು ಲಿನಕ್ಸ್ ಕರ್ನೆಲಿನ ಅಧೀನಕ್ಕೆ ತರುವ ಪ್ರೋಗ್ರಾಮಿಗೆ ಡಿವೈಸ್ ಡ್ರೈವರ್ ಎಂದು ಹೆಸರು. ಇದು ಉಪಕರಣದೊಡನೆ ವ್ಯವಹರಿಸುವುದು ರಿಜಿಸ್ಟರುಗಳೆಂಬ ನಿಯತ ಸ್ಥಾನಗಳ ಮೂಲಕ. ಇಂತಹ ಸ್ಥಾನದಲ್ಲಿ ಇಂತಹ ಅಂಕಿಯನ್ನು ಬರೆದರೆ ಇಂತಹ ಕಾರ್ಯವು ನಡೆಯತಕ್ಕುದೆಂಬ ಕರಾರೇ ಇವೆರಡರ ಸಂಬಂಧಕ್ಕೆ ಆಧಾರ. ಡ್ರೈವರು ಕರ್ನೆಲಿನ ಒಳಗೇ ನಡೆಯುವುದರಿಂದ ಅದರ ಒಂದು ದೋಷವು ಇಡೀ ಯಂತ್ರವನ್ನೇ ಸ್ತಬ್ಧಗೊಳಿಸಬಲ್ಲುದು. ಆದುದರಿಂದ ಅದನ್ನು ಮೊದಲು ಬೋರ್ಡಿನ ಅನುಕೃತಿಯಲ್ಲಿ ಪರೀಕ್ಷಿಸುವ ಪದ್ಧತಿಯು ರೂಢಿಗೆ ಬಂದಿದೆ.

ಇಂತಹ ಅನುಕರಣಕ್ಕೆ ಬಳಕೆಯಾಗುವ ಸಾಧನಗಳಲ್ಲಿ ಪ್ರಸಿದ್ಧವಾದುದು ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ಡರು ೨೦೦೩ರಲ್ಲಿ ಪ್ರಕಟಿಸಿದ ಕ್ಯೂಎಮು. ಇದು ಎಆರ್‌ಎಂ ಮೊದಲಾದ ಪ್ರೊಸೆಸರುಗಳ ಆಜ್ಞೆಗಳನ್ನು, ಅವು ನಡೆಯುತ್ತಿರುವಾಗಲೇ, ತನಗೆ ಆಶ್ರಯವಾದ ಯಂತ್ರದ ಆಜ್ಞೆಗಳಾಗಿ ಪರಿವರ್ತಿಸುತ್ತದೆ. ಡ್ರೈವರು ರಿಜಿಸ್ಟರನ್ನು ಮುಟ್ಟಿದಾಗ ಉಪಕರಣಕ್ಕೆ ಬದಲಾಗಿ ಸಿ ಭಾಷೆಯಲ್ಲಿ ಬರೆದ ವಿಧಿಯೊಂದು ಉತ್ತರ ಕೊಡುತ್ತದೆ. ವರ್ಸಟೈಲ್ ಎಕ್ಸ್‌ಪ್ರೆಸ್ ಎಂಬ ಬೋರ್ಡಿನ ಅನುಕೃತಿಯು ಇದರಲ್ಲಿದೆ. ಲೋಕದಲ್ಲಿ ಎಲ್ಲಿಯೂ ಇಲ್ಲದ 'ವರ್ಟ್' ಎಂಬ ಕಲ್ಪಿತ ಬೋರ್ಡೂ ಇದೆ.

ಚೆಕ್ ದೇಶದ ಮಸಾರಿಕ್ ವಿಶ್ವವಿದ್ಯಾನಿಲಯದ ಲಿನಕ್ಸ್ ಪಾಠಗಳಿಗಾಗಿ ರಚಿತವಾದ 'ಎಡು' ಎಂಬ ಉಪಕರಣವು ಒಳ್ಳೆಯ ನಿದರ್ಶನ. ಇದರ ಒಂದು ರಿಜಿಸ್ಟರಿನಲ್ಲಿ ಅಂಕಿಯನ್ನು ಬರೆದರೆ ಅದರ ಬಿಟ್ಟುಗಳೆಲ್ಲವೂ ತಿರುವುಮುರುವಾಗಿ ಹಿಂದಿರುಗುತ್ತವೆ. ಇನ್ನೊಂದರಲ್ಲಿ ಬರೆದರೆ ಆ ಸಂಖ್ಯೆಯ ಫ್ಯಾಕ್ಟೋರಿಯಲ್ ಲಭಿಸುತ್ತದೆ. ಕೋರಿಕೆಯಿದ್ದಲ್ಲಿ ಗಣನೆ ಮುಗಿದೊಡನೆ ಇಂಟರಪ್ಟ್ ಎಂಬ ಸೂಚನೆಯೂ ಬರುತ್ತದೆ. ಡ್ರೈವರು ಅದನ್ನು ಸ್ವೀಕರಿಸಿದುದಾಗಿ ತಿಳಿಸದಿದ್ದರೆ ಸೂಚನೆಯು ನಿಲ್ಲುವುದೇ ಇಲ್ಲ. ಪ್ರಯೋಜನವಿಲ್ಲದ ಈ ಉಪಕರಣದಿಂದ ವಿದ್ಯಾರ್ಥಿಗೆ ನಿಜವಾದ ಶಿಸ್ತು ದೊರೆಯುತ್ತದೆ. ಕರ್ನೆಲು ಕುಸಿದರೂ ಹಾನಿಯಿಲ್ಲ, ಮತ್ತೆ ಆರಂಭಿಸಿದರಾಯಿತು.

ಆದರೆ ಅನುಕೃತಿಗೆ ಒಂದು ಮೇರೆಯುಂಟು. ನಿಜವಾದ ಪ್ರೊಸೆಸರು ತಾನು ಬರೆದುದನ್ನು ಕ್ಯಾಶ್ ಎಂಬ ಸಣ್ಣ ಸ್ಮೃತಿಯಲ್ಲಿ ಕೆಲಕಾಲ ತಡೆದಿಡುತ್ತದೆ. ಹಲವು ಎಂಬೆಡೆಡ್ ಬೋರ್ಡುಗಳಲ್ಲಿ ಉಪಕರಣವು ಮುಖ್ಯ ಸ್ಮೃತಿಯನ್ನು ನೇರವಾಗಿ ಓದುವುದರಿಂದ, ಡ್ರೈವರು ಕ್ಯಾಶಿನಲ್ಲಿರುವುದನ್ನು ಮೊದಲು ಹೊರಹಾಕಿಸದಿದ್ದರೆ ಅದಕ್ಕೆ ಹಳೆಯ ಅಂಕಿಯೇ ದೊರಕಬಹುದು. ಕ್ಯೂಎಮುವಿನ ಪರಿವರ್ತನ ಕ್ರಮದಲ್ಲಿ ಕ್ಯಾಶಿನ ಅನುಕರಣವಿಲ್ಲ, ಕಾಲಮಾನವೂ ಯಥಾವತ್ತಾಗಿಲ್ಲ. ಹೀಗಾಗಿ ಇಲ್ಲಿ ನಿರ್ದೋಷವೆಂದು ಕಂಡ ಡ್ರೈವರು ಬೋರ್ಡಿನಲ್ಲಿ ತಪ್ಪಬಹುದು.

ಓಲೆಗ್ರಂಥದ ನಕಲನ್ನು ನೋಡಿ ಪಾಠವನ್ನು ಓದಬಹುದು. ಓಲೆಯ ಜೀರ್ಣತೆಯನ್ನು ಅರಿಯಲಾಗದು. ಅಂತೆಯೇ ಅನುಕೃತಿಯು ಡ್ರೈವರು ಕರಾರನ್ನು ತಿಳಿದಿದೆಯೇ ಎಂಬುದಕ್ಕೆ ಮಾತ್ರ ಪ್ರಮಾಣ. ವಸ್ತುವಿನ ಸ್ವಭಾವವನ್ನು ತಿಳಿದಿದೆಯೇ ಎಂಬುದಕ್ಕೆ ಬೋರ್ಡೇ ಪ್ರಮಾಣ.