ಡಿ-ಡೈಮರ್ ಹೆಚ್ಚಿದ್ದರೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದೇ ಅರ್ಥವೇ?

ಕೋವಿಡ್ ಕಾಲದಲ್ಲಿ ನಮ್ಮ ಮನೆಗಳಿಗೆ ಬಂದ ಪದಗಳಲ್ಲಿ ಡಿ-ಡೈಮರ್ ಕೂಡ ಒಂದು. ಅಲ್ಲಿಯವರೆಗೆ ವೈದ್ಯರ ನಡುವೆ ಮಾತ್ರ ಓಡಾಡುತ್ತಿದ್ದ ಈ ಹೆಸರು ಆಮೇಲೆ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಕೇಳಿಬಂತು. ರಿಪೋರ್ಟಿನಲ್ಲಿ ಆ ಸಂಖ್ಯೆಯ ಪಕ್ಕ ದಪ್ಪ ಅಕ್ಷರದಲ್ಲಿ 'ಹೈ' ಎಂದು ಕಂಡರೆ ಈಗಲೂ ಮನೆಯವರ ಎದೆ ಧಸಕ್ಕೆನ್ನುತ್ತದೆ. 'ನಾರ್ಮಲ್' ಎಂದಿದ್ದರೆ ನಿಟ್ಟುಸಿರು. ಈ ಭಯ, ಈ ಸಮಾಧಾನ ಎರಡೂ ಕೆಲವೊಮ್ಮೆ ತಪ್ಪಾಗಿರುತ್ತವೆ. ಹೇಗೆ ಎಂದು ನೋಡೋಣ.

ಉಸಿರು ಕಟ್ಟುತ್ತಿದೆ ಎಂದು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ಮೂವರನ್ನು ಊಹಿಸಿಕೊಳ್ಳಿ. ಮೊದಲನೆಯವರು 85 ವರ್ಷದ ಅಜ್ಜಿ. ನಾಲ್ಕು ದಿನದಿಂದ ಜ್ವರ, ಕಫ. ಅವರ ಡಿ-ಡೈಮರ್ 800. ಎರಡನೆಯವರು 30 ವರ್ಷದ ಯುವಕ. ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತಾಗುತ್ತದೆ. ಅವರದೂ 800. ಮೂರನೆಯವರಿಗೆ 55 ವರ್ಷ, ಮೂರು ವಾರದ ಹಿಂದೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿದೆ, ಒಂದು ಕಾಲು ಮಾತ್ರ ಊದಿಕೊಂಡು ನೋಯುತ್ತಿದೆ. ಅವರ ಡಿ-ಡೈಮರ್ 400. ರಿಪೋರ್ಟಿನಲ್ಲಿ ಮಿತಿ 500 ಎಂದಿದೆ.

ಕಾಗದವನ್ನಷ್ಟೇ ನೋಡಿದರೆ ಮೊದಲಿಬ್ಬರಿಗೆ ತೊಂದರೆ, ಮೂರನೆಯವರು ಕ್ಷೇಮ. ಆದರೆ ಅನುಭವವಿರುವ ವೈದ್ಯರು ಮೂರನೆಯವರನ್ನು ರಿಪೋರ್ಟಿಗೂ ಕಾಯದೆ ಸ್ಕ್ಯಾನ್‌ಗೆ ಕಳಿಸುತ್ತಾರೆ. ಯುವಕನಿಗೂ ಸ್ಕ್ಯಾನ್ ಹೇಳಬಹುದು. ಅಜ್ಜಿಗೆ ಮಾತ್ರ ನ್ಯುಮೋನಿಯಾ ಇದೆಯೇ ಎಂದು ನೋಡಿ, ಹೆಪ್ಪು ಹುಡುಕುವ ಸ್ಕ್ಯಾನ್ ಬೇಡ ಎನ್ನಬಹುದು!

ಇಲ್ಲಿ ಹುಡುಕುತ್ತಿರುವ ಕಾಯಿಲೆಯ ಹೆಸರು ಪಲ್ಮನರಿ ಎಂಬಾಲಿಸಂ. ಸಾಮಾನ್ಯವಾಗಿ ಕಾಲಿನ ಒಳಭಾಗದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ತುಂಡೊಂದು ಕಳಚಿಕೊಂಡು ಹೃದಯದ ಬಲಭಾಗವನ್ನು ದಾಟಿ ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ತುಂಡು ದೊಡ್ಡದಾಗಿದ್ದರೆ ಹೃದಯದ ಬಲಭಾಗ ಆ ತಡೆಯ ವಿರುದ್ಧ ರಕ್ತ ತಳ್ಳಲಾಗದೆ ಸೋಲುತ್ತದೆ. ರಕ್ತದೊತ್ತಡ ಕುಸಿಯುತ್ತದೆ, ಕೆಲವರು ಆಸ್ಪತ್ರೆ ತಲುಪುವ ಮೊದಲೇ ಸಾಯುತ್ತಾರೆ. ಸಕಾಲಕ್ಕೆ ಪತ್ತೆಯಾದರೆ ಔಷಧಿಯಿಂದ ಬಹುತೇಕರನ್ನು ಉಳಿಸಬಹುದು. ಹಾಗಾಗಿ ಇದನ್ನು ತಪ್ಪಿಸಿಕೊಳ್ಳಲು ಬಿಡಬಾರದು ಎಂಬ ಒತ್ತಡ ವೈದ್ಯರ ಮೇಲೆ ಸದಾ ಇರುತ್ತದೆ.

ತೊಂದರೆ ಏನೆಂದರೆ, ಇದಕ್ಕೆ ತನ್ನದೇ ಎನ್ನುವಂಥ ಲಕ್ಷಣವಿಲ್ಲ. ಉಸಿರಾಟದ ತೊಂದರೆ, ಎದೆನೋವು, ಕೆಮ್ಮು, ತಲೆಸುತ್ತು ಇವೆಲ್ಲ ಹೃದಯಾಘಾತ, ನ್ಯುಮೋನಿಯಾ, ಆಸ್ತಮಾದಿಂದ ಹಿಡಿದು ಬರೀ ಗಾಬರಿಯಲ್ಲೂ ಬರುತ್ತವೆ. ಇಸಿಜಿಯಲ್ಲಿ ಎಷ್ಟೋ ಸಲ ಹೃದಯಬಡಿತ ಜೋರಾಗಿದೆ ಎನ್ನುವುದರ ಹೊರತು ಏನೂ ಕಾಣುವುದಿಲ್ಲ. ಎಕ್ಸ್‌ರೇ ಚೆನ್ನಾಗಿಯೇ ಇರಬಹುದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 97 ತೋರಿಸಿತು, ಅಂದಮೇಲೆ ಶ್ವಾಸಕೋಶಕ್ಕೆ ಏನೂ ಆಗಿಲ್ಲ ಎನ್ನುವುದೂ ಇಂಥದ್ದೇ ಒಂದು ತಪ್ಪು ನಂಬಿಕೆ. ಆಕ್ಸಿಜನ್ ಪ್ರಮಾಣ ಸರಿಯಾಗಿದ್ದೂ ಒಳಗೆ ಹೆಪ್ಪು ಇರಬಹುದು.

ಡಿ-ಡೈಮರ್ ಹೇಳುವುದೇನು?

ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ. ದೇಹ ಆ ಬಲೆಯನ್ನು ಕತ್ತರಿಸಿ ಕರಗಿಸುವಾಗ ಉಳಿಯುವ ಚೂರುಗಳೇ ಡಿ-ಡೈಮರ್. ಆದರೆ ಫೈಬ್ರಿನ್ ಹುಟ್ಟಲು ಅಪಾಯಕಾರಿ ಹೆಪ್ಪೇ ಬೇಕೆಂದಿಲ್ಲ. ಸೋಂಕು, ಗಾಯ, ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಬಸಿರು, ಎಲ್ಲದರಲ್ಲೂ ಡಿ-ಡೈಮರ್ ಏರುತ್ತದೆ. ವಯಸ್ಸಾದಂತೆ ತಾನಾಗಿಯೂ ಏರುತ್ತದೆ. ಆದ್ದರಿಂದ ಸಂಖ್ಯೆ ಹೆಚ್ಚಿದ್ದರೆ 'ಹೆಪ್ಪು ಇದೆ' ಎಂದು ಹೇಳಲಾಗದು, 'ಇಲ್ಲವೆಂದು ಖಚಿತವಾಗಿ ಹೇಳಲಾಗದು' ಎನ್ನಬಹುದು ಅಷ್ಟೆ. ಈ ಪರೀಕ್ಷೆಯ ನಿಜವಾದ ಬಲ ಇರುವುದು ಸಂಖ್ಯೆ ಕಡಿಮೆ ಬಂದಾಗ. ಅದೂ ಎಲ್ಲರಲ್ಲಿ ಅಲ್ಲ.

ಒಂದು ಲೆಕ್ಕ ಹಾಕೋಣ. ಹೆಪ್ಪು ಇರುವ 100 ಜನರಲ್ಲಿ 5 ಜನರನ್ನು ಈ ಪರೀಕ್ಷೆ ತಪ್ಪಿಸಿಕೊಳ್ಳುತ್ತದೆ, ಹೆಪ್ಪು ಇಲ್ಲದ 100ರಲ್ಲಿ 40 ಜನರಿಗೆ ಮಾತ್ರ 'ನಾರ್ಮಲ್' ಎನ್ನುತ್ತದೆ ಎಂದಿಟ್ಟುಕೊಳ್ಳಿ. ಅನುಮಾನ ಕಡಿಮೆ ಇರುವ 1000 ಜನರಲ್ಲಿ 50 ಮಂದಿಗೆ ಹೆಪ್ಪು ಇದ್ದರೆ, ಸುಮಾರು 380 ಜನರಿಗೆ 'ನಾರ್ಮಲ್' ಬರುತ್ತದೆ. ಅವರಲ್ಲಿ ತಪ್ಪಿಹೋದವರು ಇಬ್ಬರೋ ಮೂವರೋ. ಅನುಮಾನ ಬಲವಾಗಿರುವ 1000 ಜನರಲ್ಲಿ 500 ಮಂದಿಗೆ ಹೆಪ್ಪು ಇದೆಯೆನ್ನಿ. ಈಗ 'ನಾರ್ಮಲ್' ಬರುವುದು 225 ಜನರಿಗೆ, ಅವರಲ್ಲಿ 25 ಮಂದಿಗೆ ಹೆಪ್ಪು ಇದ್ದೇ ಇದೆ. ಅಂದರೆ ಒಂಬತ್ತರಲ್ಲಿ ಒಬ್ಬರು! ಪರೀಕ್ಷೆ ಅದೇ, ಯಂತ್ರ ಅದೇ, ಬದಲಾದದ್ದು ಯಾರಿಗೆ ಪರೀಕ್ಷೆ ಮಾಡಿದೆವು ಎನ್ನುವುದು.

ಅದಕ್ಕೇ ವೈದ್ಯರು ಮೊದಲು ಅನುಮಾನವನ್ನೇ ಅಳೆಯುತ್ತಾರೆ. ಇದಕ್ಕೆ ಹೆಚ್ಚು ಬಳಕೆಯಲ್ಲಿರುವುದು ಕೆನಡಾದ ಫಿಲಿಪ್ ವೆಲ್ಸ್ ಮತ್ತು ಸಂಗಡಿಗರು ರೂಪಿಸಿದ ವೆಲ್ಸ್ ಸ್ಕೋರ್. ಕಾಲಿನಲ್ಲಿ ಹೆಪ್ಪುಗಟ್ಟಿದ ಲಕ್ಷಣಗಳಿದ್ದರೆ 3 ಅಂಕ, ಬೇರೆ ಕಾಯಿಲೆಗಳಿಗಿಂತ ಇದೇ ಹೆಚ್ಚು ಸಂಭವನೀಯ ಎನಿಸಿದರೆ 3. ಹೃದಯಬಡಿತ ನಿಮಿಷಕ್ಕೆ 100ಕ್ಕಿಂತ ಹೆಚ್ಚಿದ್ದರೆ, ಕಳೆದ ನಾಲ್ಕು ವಾರದಲ್ಲಿ ಶಸ್ತ್ರಚಿಕಿತ್ಸೆಯಾಗಿದ್ದರೆ ಅಥವಾ ಮೂರು ದಿನವಾದರೂ ಹಾಸಿಗೆ ಹಿಡಿದಿದ್ದರೆ, ಹಿಂದೆ ಹೀಗೆ ಹೆಪ್ಪುಗಟ್ಟಿದ್ದರೆ ತಲಾ ಒಂದೂವರೆ. ಕೆಮ್ಮಿದಾಗ ರಕ್ತ ಬಿದ್ದರೆ 1, ಕ್ಯಾನ್ಸರ್ ಇದ್ದರೆ 1. ಒಟ್ಟು 4 ದಾಟಿದರೆ ನೇರವಾಗಿ ಸ್ಕ್ಯಾನ್. ಮಂಡಿ ಶಸ್ತ್ರಚಿಕಿತ್ಸೆಯವರಿಗೆ ಕಾಲಿನ ಊತಕ್ಕೆ 3, ಶಸ್ತ್ರಚಿಕಿತ್ಸೆಗೆ ಒಂದೂವರೆ ಸೇರಿ ನಾಲ್ಕೂವರೆ ಆಯಿತು. ಅವರ 400ಕ್ಕೆ ಬೆಲೆಯಿಲ್ಲದಿರುವುದು ಇದೇ ಕಾರಣಕ್ಕೆ.

'ಬೇರೆ ಕಾಯಿಲೆಗಳಿಗಿಂತ ಇದೇ ಸಂಭವನೀಯ' ಎನ್ನುವುದಕ್ಕೆ 3 ಅಂಕ ಇರುವುದನ್ನು ಗಮನಿಸಿದಿರಾ? ಅದು ಯಂತ್ರ ಅಳೆಯುವ ವಿಷಯವಲ್ಲ, ವೈದ್ಯರ ಅಂದಾಜು. ಸ್ಕೋರ್‌ನ ದೌರ್ಬಲ್ಯ ಅದೇ ಎನ್ನುವವರಿದ್ದಾರೆ. ರೋಗಿಯನ್ನು ಕಣ್ಣಾರೆ ಕಂಡವರ ಮಾತಿಗೆ ಅಷ್ಟು ತೂಕ ಇರಬೇಕಾದದ್ದೇ ಎನ್ನುವುದು ನಮ್ಮ ಅನಿಸಿಕೆ.

ಇನ್ನು ಅಜ್ಜಿಯ 800. ಮೇಲಿನ ಲೆಕ್ಕದಲ್ಲಿ ಅಂಕ ಕಡಿಮೆ ಬಂದು, ವಯಸ್ಸು 50 ದಾಟಿದ್ದರೆ, ವಯಸ್ಸನ್ನು ಹತ್ತರಿಂದ ಗುಣಿಸಿದರೆ ಬರುವ ಸಂಖ್ಯೆಯೇ ಮಿತಿ ಎಂದು ಹಿಡಿಯಬಹುದು. 85ಕ್ಕೆ 850. ಈ ಬಗೆಯ ಮಿತಿ ಸುರಕ್ಷಿತ ಎಂದು ಯುರೋಪಿನ ದೊಡ್ಡ ಅಧ್ಯಯನವೊಂದು 2014ರಲ್ಲಿ ತೋರಿಸಿತು. ಅಜ್ಜಿಗೆ ಜ್ವರ, ಕಫ ಎಂಬ ಬೇರೆ ವಿವರಣೆಯೂ ಇತ್ತು.

ಎಲ್ಲರಿಗೂ ಸ್ಕ್ಯಾನ್ ಮಾಡಿಬಿಟ್ಟರೆ ಆಗದೇ?

ನ್ಯಾಯವಾದ ಪ್ರಶ್ನೆ. ಶ್ವಾಸಕೋಶದ ರಕ್ತನಾಳ ತೋರಿಸುವ ಈ ಸಿಟಿ ಸ್ಕ್ಯಾನ್‌ನಲ್ಲಿ ತೋಳಿನ ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಚುಚ್ಚುತ್ತಾರೆ. ಅದು ಕೆಲವರಿಗೆ ಅಲರ್ಜಿ, ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಎಚ್ಚರ ಬೇಕು. ವಿಕಿರಣ ಬೇರೆ. ಖರ್ಚೂ ಇದೆ, ಜೊತೆಗೆ ಎಲ್ಲ ತಾಲೂಕು ಆಸ್ಪತ್ರೆಗಳಲ್ಲೂ ಈ ಯಂತ್ರ ಇರುವುದಿಲ್ಲ. ಅನಗತ್ಯವಾಗಿ ಸ್ಕ್ಯಾನ್ ಮಾಡಿದಾಗ ತೀರಾ ಸಣ್ಣ ಹೆಪ್ಪುಗಳು ಕಂಡು, ಅವಕ್ಕೂ ತಿಂಗಳುಗಟ್ಟಲೆ 'ರಕ್ತ ತೆಳು ಮಾಡುವ' ಔಷಧಿ ಶುರುವಾಗಬಹುದು. (ಈ ಔಷಧಿ ರಕ್ತವನ್ನು ತೆಳು ಮಾಡುವುದಿಲ್ಲ, ಹೆಪ್ಪು ಬೆಳೆಯದಂತೆ ತಡೆಯುತ್ತದೆ.) ಅದರಿಂದ ರಕ್ತಸ್ರಾವದ ಅಪಾಯವಿದೆ.

ಈ ಅಂಕಗಳ ಆಟಕ್ಕೆಲ್ಲ ಸಮಯವಿಲ್ಲದ ರೋಗಿಗಳೂ ಬರುತ್ತಾರೆ. ರಕ್ತದೊತ್ತಡ ಬಿದ್ದುಹೋಗಿ ಸ್ಕ್ಯಾನ್ ಕೋಣೆಗೆ ಸಾಗಿಸುವುದೂ ಅಪಾಯ ಎನ್ನುವಂತಿದ್ದರೆ ಹಾಸಿಗೆಯ ಪಕ್ಕದಲ್ಲೇ ಎಕೋ ಮಾಡಿ, ಹೃದಯದ ಬಲಭಾಗ ಹಿಗ್ಗಿದೆಯೇ ಎಂದು ನೋಡಿ, ಹೆಪ್ಪು ಕರಗಿಸುವ ಔಷಧಿ ಕೊಡುವ ನಿರ್ಧಾರ ಮಾಡಬೇಕಾಗುತ್ತದೆ. ಅನುಮಾನ ಬಲವಾಗಿದ್ದು ಸ್ಕ್ಯಾನ್ ತಡವಾಗುವುದಾದರೆ, ರಕ್ತಸ್ರಾವದ ಭಯವಿಲ್ಲದವರಿಗೆ ಹೆಪರಿನ್‌ನಂಥ ಔಷಧಿಯನ್ನು ಮೊದಲೇ ಶುರು ಮಾಡುವುದೂ ಇದೆ.

ರಿಪೋರ್ಟ್ ಓದುವವರಿಗೆ ಇನ್ನೊಂದು ಗೊಂದಲ ಕಾದಿರುತ್ತದೆ. ಡಿ-ಡೈಮರ್ ಅನ್ನು ಎಲ್ಲ ಲ್ಯಾಬ್‌ಗಳೂ ಒಂದೇ ಮಾನದಲ್ಲಿ ಬರೆಯುವುದಿಲ್ಲ. ನಾವು ಇಲ್ಲಿ ಹೇಳಿದ 500, 800 ಎಲ್ಲ 'ಎಫ್‌ಇಯು' ಮಾನದಲ್ಲಿ, ಮಿಲಿಲೀಟರ್‌ಗೆ ಇಷ್ಟು ನ್ಯಾನೋಗ್ರಾಂ ಎಂಬ ಲೆಕ್ಕ. 'ಡಿಡಿಯು' ಮಾನ ಬಳಸುವ ಲ್ಯಾಬ್‌ನಲ್ಲಿ ಅದೇ ರಕ್ತಕ್ಕೆ ಸುಮಾರು ಅರ್ಧದಷ್ಟು ಸಂಖ್ಯೆ ಬರುತ್ತದೆ. ಮೈಕ್ರೋಗ್ರಾಂನಲ್ಲಿ ಬರೆದರೆ 500 ಎನ್ನುವುದು 0.5 ಆಗುತ್ತದೆ. ಹಾಗಾಗಿ ನಿಮ್ಮ ಸಂಖ್ಯೆಯನ್ನು ಪಕ್ಕದ ಮನೆಯವರ ಸಂಖ್ಯೆಯೊಂದಿಗೆ ಹೋಲಿಸಬೇಡಿ.

ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆನೋವು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ, ಪ್ರಜ್ಞೆ ತಪ್ಪಿದರೆ ಲ್ಯಾಬ್‌ಗೆ ಹೋಗಿ ಡಿ-ಡೈಮರ್ ಮಾಡಿಸುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಇತ್ತೀಚಿನ ಶಸ್ತ್ರಚಿಕಿತ್ಸೆ, ಹೆರಿಗೆ, ಕಾಲಿಗೆ ಹಾಕಿದ ಪ್ಲಾಸ್ಟರ್, ದೂರದ ಪ್ರಯಾಣ, ಒಂದೇ ಕಾಲಿನ ಊತ, ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಅದು, ಎಲ್ಲವನ್ನೂ ವೈದ್ಯರು ಕೇಳುವ ಮೊದಲೇ ಹೇಳಿ. ಗರ್ಭನಿರೋಧಕ ಮಾತ್ರೆಯನ್ನೂ, ಹಬ್ಬಕ್ಕೋ ಮದುವೆಗೋ ಎಂದು ಮುಟ್ಟು ಮುಂದೂಡಲು ನುಂಗಿದ ಮಾತ್ರೆಯನ್ನೂ ಸಂಕೋಚದಿಂದ ಮುಚ್ಚಿಡಬೇಡಿ. ಸ್ಕ್ಯಾನ್ ಬೇಕೋ ಬೇಡವೋ ಎನ್ನುವುದು ಎಷ್ಟೋ ಸಲ ಅಂಥ ಒಂದು ಮಾತಿನ ಮೇಲೆ ನಿಂತಿರುತ್ತದೆ.