ಬೆಂಕಿ ಬಿದ್ದರೆ ರೂಮ್ ನಂಬರ್ 101ಕ್ಕೆ ಫೋನು!

ಲಾಡ್ಜು, ಛತ್ರ, ನರ್ಸಿಂಗ್ ಹೋಂಗಳ ‘ಡಬ್ಬಿ’ಗೆ ಬುದ್ಧಿ ಹೇಳುವವರು ಯಾರು?

ಬೆಂಕಿ ಬಿದ್ದರೆ ಯಾವ ನಂಬರು? 101. ಶಾಲೆ ಮಕ್ಕಳೂ ಹೇಳುತ್ತಾರೆ. ಆಂಬುಲೆನ್ಸಿಗೆ 108. ಪೊಲೀಸು, ಬೆಂಕಿ, ಆಂಬುಲೆನ್ಸು ಮೂರಕ್ಕೂ ಸೇರಿ ಈಗ 112. ಸರಿಯೇ. ಇನ್ನೊಂದು ಪ್ರಶ್ನೆ: ಲಾಡ್ಜಿನ ಮೊದಲನೇ ಮಹಡಿಯ ಮೊದಲನೇ ಕೋಣೆಯ ನಂಬರು ಎಷ್ಟು? ಅದೂ 101! ಅದೇ ಸಾಲಿನಲ್ಲಿ ಮುಂದೆ ಹೋದರೆ 108. ಇನ್ನೂ ನಾಲ್ಕು ಬಾಗಿಲು ದಾಟಿದರೆ 112.

ಕೋಣೆಯ ನಂಬರನ್ನೇ ಫೋನಿನ ಎಕ್ಸ್‌ಟೆನ್ಷನ್ ನಂಬರಾಗಿ ಇಡುವುದು ಬಹಳ ಕಡೆ ರೂಢಿ. ನೆನಪಿಡಲು ಸುಲಭ ನೋಡಿ. ಆದರೆ ರಾತ್ರಿ ಎರಡು ಗಂಟೆಗೆ ಮೂರನೇ ಮಹಡಿಯಲ್ಲಿ ಹೊಗೆ ಕಂಡ ಯಾರೋ ಗಾಬರಿಯಲ್ಲಿ 101 ಒತ್ತಿದರು ಅನ್ನಿ. ಗಂಟೆ ಬಾರಿಸುವುದು ಫೈರ್ ಸ್ಟೇಷನ್ನಿನಲ್ಲಲ್ಲ. 101ನೇ ರೂಮಿನಲ್ಲಿ ಗೊರಕೆ ಹೊಡೆಯುತ್ತಿರುವ ಬೀಗರು ಎದ್ದು, “ಯಾರ್ರೀ ಅದು ಇಷ್ಟೊತ್ತಲ್ಲಿ?” ಅಂತ ರೇಗಿ ಫೋನು ಕುಕ್ಕುತ್ತಾರೆ. ನಗು ಬರುವ ಸಂಗತಿಯೇ. ಆದರೆ ಅಷ್ಟರಲ್ಲಿ ಹೊಗೆ ಮೆಟ್ಟಿಲಿಗೆ ಬಂದಿರುತ್ತದೆ.

“ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ ಸ್ವಾಮಿ” ಅಂತೀರಾ? ಇದೆ. ಚಾರ್ಜು ಮುಗಿದಿರುತ್ತದೆ. ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಆಪರೇಷನ್ ಆಗಿ ಮಲಗಿರುವ ಅಜ್ಜಿಯ ಕೈಗೆ ಸಿಗುವುದು ಮಂಚದ ಪಕ್ಕದ ಫೋನೊಂದೇ. ಗೋಡೆಗೆ ಒಂದು ಫೋನು ಇದೆ ಎಂದ ಮೇಲೆ ಅದು ಕಷ್ಟಕಾಲಕ್ಕೆ ಆಗಬೇಕು. ಇಲ್ಲದಿದ್ದರೆ ಅದು ಇದ್ದೂ ಮೋಸ.

ನಾಲ್ಕು ಸಲ ಒತ್ತಿದ ಮಗು

ಇದು ಕಟ್ಟುಕಥೆಯ ಭಯವಲ್ಲ. 2013ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಮಾರ್ಷಲ್ ಎಂಬ ಊರಿನ ಮೋಟೆಲೊಂದರ ಕೋಣೆಯಲ್ಲಿ ಕ್ಯಾರಿ ಹಂಟ್ ಎಂಬಾಕೆಯ ಮೇಲೆ, ಬೇರೆಯಾಗಿದ್ದ ಗಂಡ ಚಾಕು ಹಾಕಿದ. ಅವಳ ಒಂಬತ್ತು ವರ್ಷದ ಮಗಳು ಶಾಲೆಯಲ್ಲಿ ಕಲಿತಂತೆ 911 ಒತ್ತಿದಳು. ಒಂದಲ್ಲ, ನಾಲ್ಕು ಸಲ. ಫೋನು ಹೋಗಲಿಲ್ಲ. ಯಾಕೆಂದರೆ ಆ ಮೋಟೆಲಿನಲ್ಲಿ ಹೊರಗಿನ ಲೈನಿಗೆ ಮೊದಲು ಇನ್ನೊಂದು 9 ಒತ್ತಬೇಕಿತ್ತು. ಮಗುವಿಗೆ ಅದನ್ನು ಯಾರು ಹೇಳಿದ್ದರು? ತಾಯಿ ಉಳಿಯಲಿಲ್ಲ.

ಕ್ಯಾರಿಯ ತಂದೆ ಹ್ಯಾಂಕ್ ಹಂಟ್ ಸುಮ್ಮನೆ ಕೂರಲಿಲ್ಲ. ವರ್ಷಗಟ್ಟಲೆ ಓಡಾಡಿದರು. 2018ರ ಫೆಬ್ರವರಿಯಲ್ಲಿ ಆಕೆಯ ಹೆಸರಿನಲ್ಲೇ ಕಾನೂನು ಬಂತು. 2020ರ ಫೆಬ್ರವರಿ 16ರಿಂದ ಜಾರಿ. ಹೊಸದಾಗಿ ಹಾಕುವ ಇಂಥ ದೂರವಾಣಿ ವ್ಯವಸ್ಥೆಗಳಲ್ಲಿ ಹಿಂದೆ ಮುಂದೆ ಏನೂ ಸೇರಿಸದೆ ನೇರವಾಗಿ 911 ಹೋಗಬೇಕು, ಹೋದ ಕೂಡಲೇ ಸ್ವಾಗತದ ಮೇಜಿಗೂ ಸುದ್ದಿ ಮುಟ್ಟಬೇಕು ಎಂಬುದು ಅದರ ಸಾರ.

ಇಷ್ಟಕ್ಕೆಲ್ಲ ಹೊಸ ಯಂತ್ರವೇ ಬೇಕಾಗಿಲ್ಲ ಎಂಬುದು ಇಲ್ಲಿಯ ಮುಖ್ಯ ಮಾತು. ಬಹಳಷ್ಟು ಡಬ್ಬಿಗಳಿಗೆ ನಾಲ್ಕಾರು ಆಜ್ಞೆ ಕೊಟ್ಟರೆ ಸಾಕು. ಆ ಆಜ್ಞೆ ಕೊಡಬಲ್ಲವರು ಎಲ್ಲಿದ್ದಾರೆ ಅನ್ನುವುದೇ ಪ್ರಶ್ನೆ.

ಮೆಟ್ಟಿಲ ಕೆಳಗಿನ ದೇವರು

ಬಸವನಗುಡಿಯ ನರ್ಸಿಂಗ್ ಹೋಂ ಇರಲಿ, ಮಲ್ಲೇಶ್ವರದ ಛತ್ರ ಇರಲಿ, ಚಾಮರಾಜಪೇಟೆಯ ಹಳೇ ಕಾಲದ ಕಚೇರಿ ಇರಲಿ, ಇದು ಸಾಮಾನ್ಯವಾಗಿ ಕೂತಿರುವುದು ಮೆಟ್ಟಿಲ ಕೆಳಗೆ ಅಥವಾ ಲೆಕ್ಕಪತ್ರದ ಕೋಣೆಯ ಮೂಲೆಯಲ್ಲಿ. ಮಾಸಿದ ಬಿಳಿ ಡಬ್ಬಿ, ಮಿಣುಕುವ ದೀಪ, ಸೇವಿಗೆಯಂತೆ ಜೋತುಬಿದ್ದ ತಂತಿ. ಹೆಸರು ಇಪಿಎಬಿಎಕ್ಸ್. ಜನರ ಬಾಯಲ್ಲಿ ‘ಇಂಟರ್‌ಕಾಂ ಡಬ್ಬಿ’. ಹೊರಗಿನಿಂದ ನಾಲ್ಕು ಲೈನು ಬಂದರೂ ಒಳಗೆ ನಲವತ್ತು ಫೋನಿಗೆ ಹಂಚುವುದು, ಒಳಗಿನವರನ್ನು ಒಳಗೊಳಗೇ ಕಾಸಿಲ್ಲದೆ ಮಾತಾಡಿಸುವುದು ಇದರ ಕೆಲಸ. ಹೊರಗಿನ ಲೈನಿಗೆ ಟ್ರಂಕ್, ಒಳಗಿನ ಫೋನಿಗೆ ಎಕ್ಸ್‌ಟೆನ್ಷನ್.

ಎಸ್‌ಟಿಡಿ ಬಲು ದುಬಾರಿಯಾಗಿದ್ದ ಕಾಲದಲ್ಲಿ ಮಾಲೀಕರು ಕೋಣೆಗಳ ಫೋನಿಗೆಲ್ಲ ‘ಸೊನ್ನೆ’ಗೆ ಬೀಗ ಹಾಕಿಸಿದರು. ಯಾರಾದರೂ ಬಾಂಬೆಗೆ ಮಾತಾಡಿ ಬಿಲ್ಲು ಏರಿಸಿದರೆ ಕಟ್ಟುವವರು ಯಾರು? ಅಂದಿಗೆ ಅದು ಜಾಣತನ. ಈಗ ಕರೆಯ ದರ ನೆಲಕ್ಕಿಳಿದಿದೆ, ಎಷ್ಟೋ ಕಡೆ ಬೀಗ ಮಾತ್ರ ಹಾಗೇ ಇದೆ. ಸೊನ್ನೆಗೆ ಬೀಗ ಬಿದ್ದ ಫೋನಿನಿಂದ 112 ಕೂಡ ಹೊರಕ್ಕೆ ಹೋಗದು.

ಬೆಂಗಳೂರಿಗೇನು ಹೊಸತೇ?

ಈ ವಿದ್ಯೆಗೆ ನಮ್ಮ ಊರು ತವರುಮನೆ. 1948ರಲ್ಲಿ ಕೆ.ಆರ್. ಪುರದ ಬಳಿ ದೂರವಾಣಿ ನಗರದಲ್ಲಿ ಐಟಿಐ ಕಾರ್ಖಾನೆ ಶುರುವಾಯಿತು. ಅಲ್ಲಿ ಸ್ಟ್ರೌಜರ್ ಎಕ್ಸ್‌ಚೇಂಜು ತಯಾರಾಗುತ್ತಿತ್ತು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ಅಂಗಡಿ ಇಟ್ಟಿದ್ದ ಆಲ್ಮನ್ ಸ್ಟ್ರೌಜರ್ ಎಂಬಾತ 1891ರಲ್ಲಿ ಪೇಟೆಂಟು ಪಡೆದ ಯಂತ್ರ ಅದು. ಊರಿನ ಆಪರೇಟರಮ್ಮ ತನ್ನ ಗಿರಾಕಿಗಳ ಕರೆಯನ್ನೆಲ್ಲ ಎದುರಾಳಿ ಅಂಗಡಿಗೆ ದಾಟಿಸುತ್ತಿದ್ದಾಳೆ ಎಂಬ ಸಿಟ್ಟಿನಿಂದ ಆಪರೇಟರೇ ಬೇಡದ ಯಂತ್ರ ಕಂಡುಹಿಡಿದ ಎಂದು ಕಥೆ.

ಆ ಯಂತ್ರ ಕೆಟ್ಟರೆ ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು. ಟಕಟಕ ಎಂದು ಮೇಲೇರಿ, ಸುತ್ತು ತಿರುಗಿ, ಸರಿಯಾದ ಜಾಗಕ್ಕೆ ನಿಲ್ಲುವ ಕಬ್ಬಿಣದ ಕೈಗಳು. ಎಲ್ಲಿ ಸಿಕ್ಕಿಕೊಂಡಿದೆ ಎಂದು ಅನುಭವಿ ಮೆಕ್ಯಾನಿಕ್ ಕಿವಿಗೊಟ್ಟೇ ಹೇಳಬಹುದಿತ್ತು. ಒರೆಸು, ಎಣ್ಣೆ ಬಿಡು, ತಿದ್ದು. ಮುಗಿಯಿತು.

ಆಮೇಲೆ ಬಂತು ಎಲೆಕ್ಟ್ರಾನಿಕ್ ಕಾಲ. 1984ರ ಆಗಸ್ಟಿನಲ್ಲಿ ಸ್ಯಾಮ್ ಪಿತ್ರೋಡರ ಮುಂದಾಳತ್ವದಲ್ಲಿ ಸಿ-ಡಾಟ್ ಹುಟ್ಟಿತು. ದೆಹಲಿ, ಬೆಂಗಳೂರು ಎರಡೂ ಕಡೆ ನಮ್ಮ ಹುಡುಗ ಹುಡುಗಿಯರು ಕೂತು ದೇಶೀ ಎಕ್ಸ್‌ಚೇಂಜು ಕಟ್ಟಿದರು. 128 ಲೈನಿನ ಕಚೇರಿ ಎಕ್ಸ್‌ಚೇಂಜು ಅವರ ಮೊದಮೊದಲ ಕೂಸುಗಳಲ್ಲಿ ಒಂದು. ಅದರ ಒಡಹುಟ್ಟಿದ ಹಳ್ಳಿ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೆಲಸಕ್ಕೆ ಇಳಿದದ್ದು ನಮ್ಮ ಕಿತ್ತೂರಿನಲ್ಲೇ. ಎ.ಸಿ. ಬೇಡ, ಧೂಳು ಬಿಸಿಲು ತಡೆಯುತ್ತದೆ ಎಂಬುದು ಅದರ ಹೆಗ್ಗಳಿಕೆ.

ಆದರೆ ಈ ಯಂತ್ರಗಳಲ್ಲಿ ತಿರುಗುವ ಕೈಯಿಲ್ಲ, ಸದ್ದಿಲ್ಲ. ಕೆಟ್ಟದ್ದು ಎಲ್ಲಿ ಎಂದು ನೋಡಿ ತಿಳಿಯುವಂತಿಲ್ಲ. ಯಂತ್ರವನ್ನೇ ಕೇಳಿ ತಿಳಿಯಬೇಕು. ಕೇಳುವ ಭಾಷೆಯೇ ಕಮಾಂಡು.

ಐದು ಮಾತು, ಒಂದು ಕ್ರಮ

ಲ್ಯಾಪ್‌ಟಾಪಿಗೆ ಒಂದು ತಂತಿ ಸಿಕ್ಕಿಸಿ, ಪಾಸ್‌ವರ್ಡ್ ಹಾಕಿ ಒಳಹೊಕ್ಕರೆ ಡಬ್ಬಿ ಮಾತಿಗೆ ಸಿಗುತ್ತದೆ. ಅವಾಯಾ ಕಂಪನಿಯ ದೊಡ್ಡ ಯಂತ್ರಗಳಲ್ಲಿ ಐದು ಮಾತು ಮುಖ್ಯ. ಸಣ್ಣ ಡಬ್ಬಿಗಳಲ್ಲಿ ಪದಗಳ ಬದಲು ಫೋನಿನಿಂದಲೇ ಒತ್ತುವ ಅಂಕಿಗಳ ಕೋಡು ಇರುತ್ತದೆ. ಹೆಸರು ಬೇರೆಯಾದರೂ ಕ್ರಮ ಇದೇ.

ಮೊದಲನೆಯದು ‘ಸ್ಟೇಟಸ್’. ಹೇಗಿದ್ದೀಯಪ್ಪಾ ಎಂದು ಕೇಳುವುದು. ಯಾರಿಗೂ ತೊಂದರೆಯಿಲ್ಲ. ಎಷ್ಟು ಸಲ ಕೇಳಿದರೂ ಖರ್ಚಿಲ್ಲ.

ಎರಡನೆಯದು ‘ಬಿಸಿಔಟ್’. ಆ ಲೈನನ್ನೋ ಕಾರ್ಡನ್ನೋ ಸೇವೆಯಿಂದ ಹೊರಗಿಡುವುದು. ಇಲ್ಲಿ ಎಚ್ಚರಿಕೆ! ಒಂದೇ ಕಾರ್ಡಿನ ಮೇಲೆ 8, 16, 24 ಫೋನು ಕೂತಿರುತ್ತವೆ. ಸ್ಟೇಟಸ್ ನೋಡದೆ ಇಡೀ ಕಾರ್ಡಿಗೆ ಬಿಸಿಔಟ್ ಕೊಟ್ಟರೆ ಮಾತಾಡುತ್ತಿದ್ದವರ ಮಾತು ಅಲ್ಲಿಗೇ ಕತ್ತರಿ. ಐಸಿಯುನಿಂದ ಡಾಕ್ಟರಿಗೆ ಹೋಗಿದ್ದ ಕರೆಯೂ ಅದರಲ್ಲಿ ಇರಬಹುದು.

ಮೂರನೆಯದು ‘ಟೆಸ್ಟ್’. ಪಾಸೋ ಫೇಲೋ ಎಂದು ಯಂತ್ರವೇ ಸಾಲು ಸಾಲಾಗಿ ಬರೆದು ತೋರಿಸುತ್ತದೆ. ಕೆಟ್ಟಿರುವುದು ಕಾರ್ಡೋ, ಗೋಡೆಯೊಳಗಿನ ತಂತಿಯೋ, ಬರೀ ಫೋನೋ ಎಂಬ ಸುಳಿವು ಇದರಲ್ಲಿ. ಇಷ್ಟು ನೋಡದೆ “ಕಾರ್ಡ್ ಹೋಗಿದೆ ಸಾರ್, ಹೊಸದು ಹಾಕ್ಬೇಕು” ಅಂದರೆ ನಂಬಬೇಡಿ.

ನಾಲ್ಕನೆಯದು ‘ರಿಲೀಸ್’. ಹೊರಗಿಟ್ಟದ್ದನ್ನು ಮತ್ತೆ ಸೇವೆಗೆ ಕರೆಯುವುದು. ಬಿಸಿಔಟ್ ಕೊಟ್ಟು ಕಾಫಿಗೆ ಹೋಗಿ ಮರೆತರೆ, ತಂತಿ ಚೆನ್ನಾಗಿರುತ್ತದೆ, ಫೋನು ಚೆನ್ನಾಗಿರುತ್ತದೆ, ಲೈನು ಮಾತ್ರ ಮೂಕ. ಮುಂದೆ ಬಂದವನು ವಾರವಿಡೀ ತಂತಿ ಹುಡುಕುತ್ತಾನೆ.

ಐದನೆಯದು ‘ಸೇವ್’. ಎಲ್ಲರೂ ಮರೆಯುವುದು ಇದನ್ನೇ. ಬದಲಾಯಿಸಿದ್ದೆಲ್ಲ ಕೆಲಸದ ನೆನಪಿನಲ್ಲಿ ಮಾತ್ರ ಇರುತ್ತದೆ. ಬರೆದಿಡು ಎಂದು ಹೇಳದಿದ್ದರೆ, ಮುಂದೊಂದು ದಿನ ಕರೆಂಟು ಹೋಗಿ ಬಂದಾಗ ಯಂತ್ರ ಹಳೇ ಬುದ್ಧಿಗೇ ಹಿಂತಿರುಗುತ್ತದೆ. ಕೆಲವು ಸಣ್ಣ ಡಬ್ಬಿಗಳ ನೆನಪೆಲ್ಲ ನಾಣ್ಯದಷ್ಟಗಲದ ಬ್ಯಾಟರಿಯ ಮೇಲೆ ನಿಂತಿದೆ. ಆ ಬ್ಯಾಟರಿ ಸತ್ತು, ಮೇಲೆ ಕರೆಂಟೂ ಹೋದರೆ ಹಾಕಿಸಿದ್ದ ನಂಬರುಗಳೆಲ್ಲ ಅಳಿಸಿಹೋದವು ಎಂದೇ ಲೆಕ್ಕ.

ಕೀಲಿಕೈ ಯಾರ ಹತ್ತಿರ?

ಇಷ್ಟೆಲ್ಲ ಮಾಡಲು ಪಾಸ್‌ವರ್ಡ್ ಬೇಕು. “ನಿಮ್ಮ ಡಬ್ಬಿಯ ಪಾಸ್‌ವರ್ಡ್ ಯಾರಿಗೆ ಗೊತ್ತು?” ಎಂದು ಮಾಲೀಕರನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಎರಡು. “ಹಾಕಿಕೊಟ್ಟವರಿಗೆ ಗೊತ್ತು.” ಅವರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿರುತ್ತದೆ. ಇಲ್ಲವೇ, “ಅದ್ಯಾಕೆ ಬೇಕು, ಓಡ್ತಿದೆಯಲ್ಲ!”

ಹಾಕಿಕೊಟ್ಟ ಅಂಗಡಿಯೇನು, ಲೋಕವಿಖ್ಯಾತ ಕಂಪನಿಗಳೇ ಉಳಿಯಲಿಲ್ಲ. ಕೆನಡಾದ ನಾರ್ಟೆಲ್ 2009ರಲ್ಲಿ ದಿವಾಳಿಗೆ ಅರ್ಜಿ ಹಾಕಿತು. ಡಬ್ಬಿ ಮಾತ್ರ ಬದುಕಿರುತ್ತದೆ, ಹೆತ್ತವರಿಲ್ಲದ ಮಗುವಿನ ಹಾಗೆ.

ಇನ್ನೊಂದು ಪಂಗಡದವರದು ಇನ್ನೂ ಅಪಾಯ. ಪಾಸ್‌ವರ್ಡ್ ಇದೆ, ಆದರೆ ಕಾರ್ಖಾನೆಯಿಂದ ಬಂದಾಗ ಇದ್ದ 1234 ಅಥವಾ 0000. ಅದು ಕಳ್ಳರಿಗೂ ಗೊತ್ತು. ಹೊರಗಿನಿಂದ ಡಬ್ಬಿಗೆ ಫೋನು ಮಾಡಿ, ಅದರ ಮೂಲಕವೇ ಮತ್ತೆ ಹೊರಕ್ಕೆ ಹೋಗುವ ಸೌಲಭ್ಯವೊಂದು ಹಲವು ಡಬ್ಬಿಗಳಲ್ಲಿದೆ, ಡಿಸಾ ಎನ್ನುತ್ತಾರೆ. ಊರೂರು ತಿರುಗುವ ಮಾರಾಟಗಾರರಿಗೆ ಅನುಕೂಲವಾಗಲಿ ಎಂದು ಮಾಡಿದ್ದು. ಅದೇ ಕಿಂಡಿಯಿಂದ ಕಳ್ಳರು ನುಗ್ಗಿ ರಾತ್ರಿಯಿಡೀ ವಿದೇಶಕ್ಕೆ ಮಾತಾಡುವುದು ಜಗತ್ತಿನೆಲ್ಲೆಡೆ ನಡೆದಿರುವ ಕಳ್ಳತನ. ಬಿಲ್ಲು ಬರುವುದು ಡಬ್ಬಿಯ ಯಜಮಾನರ ಹೆಸರಿಗೆ.

ಕರೆಂಟು ಹೋದಾಗ

ಹಳೇ ತಾಮ್ರದ ಲೈನಿನಲ್ಲಿ ಒಂದು ಪುಣ್ಯವಿತ್ತು. ಫೋನಿಗೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಬರುತ್ತಿತ್ತು. ಡಬ್ಬಿಗೆ ಕರೆಂಟು ಹೋದರೆ ಒಂದು ಟ್ರಂಕನ್ನು ಒಂದು ಗೊತ್ತಾದ ಫೋನಿಗೆ ನೇರವಾಗಿ ಜೋಡಿಸುವ ಏರ್ಪಾಡು ಅನೇಕ ಡಬ್ಬಿಗಳಲ್ಲಿದೆ. ಕತ್ತಲಲ್ಲೂ ಆ ಒಂದು ಫೋನು ಮಾತಾಡುತ್ತಿತ್ತು. ಈಗ ಫೈಬರ್ ಬಂದಿದೆ. ಫೈಬರಿನಲ್ಲಿ ಎಕ್ಸ್‌ಚೇಂಜಿನ ಕರೆಂಟು ಹರಿಯುವುದಿಲ್ಲ. ಗೋಡೆಯ ಮೇಲಿನ ಮೋಡೆಮ್ಮಿಗೂ ಯುಪಿಎಸ್ ಇಲ್ಲದಿದ್ದರೆ ಡಬ್ಬಿ ಇದ್ದೂ ಇಲ್ಲ. ಬೆಂಕಿ ಬಿದ್ದಾಗ ಮೊದಲು ಹೋಗುವುದೇ ಕರೆಂಟು ಎಂಬುದು ನೆನಪಿರಲಿ.

ಮಾಲೀಕರು ಈ ವಾರ ಮಾಡಬೇಕಾದ್ದು

ಡಬ್ಬಿಯ ಕಂಪನಿ, ಮಾಡೆಲ್, ಪಾಸ್‌ವರ್ಡ್ ಬರೆದು ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಡಿ. 1234 ಇದ್ದರೆ ಇಂದೇ ಬದಲಾಯಿಸಿ. ಡಿಸಾ ಬೇಡವಾದರೆ ಮುಚ್ಚಿಸಿ.

ಮೆಕ್ಯಾನಿಕ್ಕನ್ನು ಕರೆಸಿ ಎರಡೇ ಮಾತು ಹೇಳಿ. ಕೋಣೆಯ ಫೋನುಗಳ ನಂಬರು 1ರಿಂದ ಶುರುವಾಗುವುದು ಬೇಡ. 2101, 2108 ಎಂದಾಗಲಿ. ಬೀಗ ಇರುವ ಫೋನಿನಿಂದಲೂ 112, 101, 108 ಸೊನ್ನೆಯಿಲ್ಲದೆ ನೇರ ಹೋಗಲಿ. ಸೊನ್ನೆ ಸೇರಿಸಿ ಒತ್ತಿದರೂ ಹೋಗಲಿ. ಮುಗಿದ ಮೇಲೆ ‘ಸೇವ್’ ಕೊಟ್ಟದ್ದನ್ನು ಎದುರು ನಿಂತು ನೋಡಿ. ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಸಿದುಕೊಳ್ಳಿ. ಪರೀಕ್ಷೆಗೆ ಕರೆ ಮಾಡುವ ಮುನ್ನ ನಿಮ್ಮ ಠಾಣೆಗೆ ತಿಳಿಸಿ. ತುರ್ತು ನಂಬರಿನ ಜೊತೆ ಆಟ ಬೇಡ.

ಇದೆಲ್ಲ ಆಗುವವರೆಗೆ ಪ್ರತಿ ಫೋನಿನ ಮೇಲೂ ದಪ್ಪಕ್ಷರದ ಚೀಟಿ ಅಂಟಿಸಿ, ಕನ್ನಡದಲ್ಲಿ: “ತುರ್ತಿಗೆ ಮೊದಲು ಸೊನ್ನೆ ಒತ್ತಿ, ಆಮೇಲೆ 112.” ಸೊನ್ನೆಗೆ ಬೀಗ ಹಾಕಿರುವ ಕಡೆ ಮಾತ್ರ ಈ ಚೀಟಿ ಅಂಟಿಸಬೇಡಿ. ಅದು ಶುದ್ಧ ಸುಳ್ಳಾಗುತ್ತದೆ. ಅಲ್ಲಿ ಸ್ವಾಗತದ ಮೇಜಿನ ನಂಬರು ಬರೆಯಿರಿ, ರಾತ್ರಿ ಆ ಮೇಜಿನಲ್ಲಿ ಎಚ್ಚರವಾಗಿರುವ ಒಬ್ಬರನ್ನು ಕೂರಿಸಿ.

ಲಾಡ್ಜು, ಛತ್ರ, ನರ್ಸಿಂಗ್ ಹೋಂಗಳಿಗೆ ಲೈಸೆನ್ಸು ಕೊಡುವವರು ಬಕೆಟ್ಟಿನ ಮರಳು ನೋಡುತ್ತಾರೆ, ಕೆಂಪು ಸಿಲಿಂಡರಿನ ತಾರೀಖು ನೋಡುತ್ತಾರೆ. ಒಳ್ಳೆಯದೇ. ಅದರ ಜೊತೆಗೆ ಯಾವುದಾದರೂ ಒಂದು ಕೋಣೆಯ ಫೋನೆತ್ತಿ, 112 ಎಲ್ಲಿಗೆ ಹೋಗುತ್ತದೆ ಎಂದೂ ವಿಚಾರಿಸಬಾರದೇ? ಎರಡು ನಿಮಿಷದ ಕೆಲಸ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?